ಹಳೆಯ ವರ್ಕ್‌ಸ್ಟೇಷನ್ನೋ, ಹೊಸ ಆಲ್-ಇನ್-ಒನ್ನೋ? ಅಮ್ಮತ್ತಿಯಲ್ಲಿ ಕೊಳ್ಳುವವರಿಗೆ ಹದಿಮೂರು ಸೂತ್ರಗಳು

ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿರುವ ಅಮ್ಮತ್ತಿಯಲ್ಲಿ ಕಂಪ್ಯೂಟರ್ ಕೊಳ್ಳಲು ಹೊರಟವರ ಮುಂದೆ ಈಗ ಎರಡು ಆಸೆಗಳು ನಿಲ್ಲುತ್ತವೆ. ಬೆಂಗಳೂರಿನ ಕಂಪನಿಗಳು ನಾಲ್ಕಾರು ವರ್ಷ ದುಡಿಸಿ ಹೊರಗೆ ಹಾಕಿದ ದಪ್ಪ ಪೆಟ್ಟಿಗೆಯ ವರ್ಕ್‌ಸ್ಟೇಷನ್ ಒಂದು. ಹೊಸದಾಗಿದ್ದಾಗ ಲಕ್ಷ ರೂಪಾಯಿ ಮೀರಿದ್ದ ಯಂತ್ರ ಈಗ ಅದರ ಸಣ್ಣ ಪಾಲಿಗೆ ಸಿಗುತ್ತದೆ. ಇನ್ನೊಂದು, ಪರದೆಯ ಹಿಂದೆಯೇ ಎಲ್ಲವನ್ನೂ ಅಡಗಿಸಿಕೊಂಡ ತೆಳ್ಳನೆಯ ಆಲ್-ಇನ್-ಒನ್. ಮೇಜಿನ ಮೇಲೆ ಚೆಂದ, ವೈರಿನ ಗೋಜಲಿಲ್ಲ, ವಾರಂಟಿ ಇದೆ.

ಇವೆರಡರ ಬಗ್ಗೆ ಊರೂರಲ್ಲಿ ಸಲಹೆ ಸಿಗುತ್ತದೆ. ಆದರೆ ನಗರದ ಸಲಹೆಯಲ್ಲಿ ಕೊಡಗಿನ ಜುಲೈ ತಿಂಗಳು ಇರುವುದಿಲ್ಲ. ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಮನೆ ಆ ಲೆಕ್ಕಕ್ಕೆ ಬಂದಿರುವುದಿಲ್ಲ. ರೈಲೇ ಇಲ್ಲದ ಜಿಲ್ಲೆಗೆ ಒಂದು ಬಿಡಿಭಾಗ ಮೈಸೂರಿನಿಂದ ಬಸ್ಸಿನಲ್ಲಿ ಬರಬೇಕು ಎಂಬುದೂ ಬಂದಿರುವುದಿಲ್ಲ. ಹಾಗಾಗಿ ಇಲ್ಲಿ ವೇಗಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಎರಡು: ಮಳೆಗಾಲದಲ್ಲಿ ಈ ಯಂತ್ರ ಎಷ್ಟು ಹೊತ್ತು ನಡೆಯುತ್ತದೆ? ಕೆಟ್ಟರೆ ಯಾರು, ಎಷ್ಟು ದಿನದಲ್ಲಿ ಸರಿಮಾಡುತ್ತಾರೆ?

1. ಅಂಗಡಿಗೆ ಹೋಗುವ ಮೊದಲು ಕೆಲಸ ಬರೆದಿಡಿ

ತೋಟದ ಆಫೀಸಿಗಾದರೆ ಲೆಕ್ಕ ಬರೆಯುವ ರೈಟರು ಮಾಡುವ ಕೆಲಸ ನೋಡಿ: ಹಾಜರಿಯ ಚೆಕ್‌ರೋಲ್, ವಾರದ ಬಟವಾಡೆ, ಕೊಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ, ಟ್ಯಾಲಿ, ಜಿಎಸ್‌ಟಿ, ಪಹಣಿ ತೆಗೆಯುವುದು, ಬ್ಯಾಂಕು. ಇದಕ್ಕೆ ವರ್ಕ್‌ಸ್ಟೇಷನ್ ಬೇಡವೇ ಬೇಡ. ಹೋಂಸ್ಟೇ ನಡೆಸುವವರಿಗೂ ಬೇಡ. ಬುಕಿಂಗ್ ನೋಡುವುದು, ಬಿಲ್ ಹಾಕುವುದು, ಸಿಸಿಟಿವಿ ತೆರೆಯುವುದು ಯಾವ ಹೊಸ ಯಂತ್ರಕ್ಕೂ ಭಾರವಲ್ಲ.

ಮದುವೆ ವಿಡಿಯೊ ಕತ್ತರಿಸುವ ಸ್ಟುಡಿಯೊ, ಮನೆ-ರೆಸಾರ್ಟುಗಳ ತ್ರೀಡಿ ನಕ್ಷೆ ಬಿಡಿಸುವ ಎಂಜಿನಿಯರ್, ಡ್ರೋನ್ ಚಿತ್ರಗಳಿಂದ ತೋಟದ ಮ್ಯಾಪ್ ಕಟ್ಟುವವರು, ಕಾಲೇಜಿನಲ್ಲಿ ಮೆಷಿನ್ ಲರ್ನಿಂಗ್ ಕಲಿಯುತ್ತಿರುವ ಮಕ್ಕಳು, ಇವರಿಗೆ ಮಾತ್ರ ಮುಂದಿನ ಲೆಕ್ಕ ನಿಜವಾಗಿ ಕಷ್ಟದ್ದು. ನಾಳೆ ಯಾವತ್ತಾದರೂ ಬೇಕಾಗಬಹುದು ಎಂಬ ಕೆಲಸವನ್ನು ಪಟ್ಟಿಗೆ ಸೇರಿಸಬೇಡಿ. ಈ ತಿಂಗಳು ಮಾಡುವ ಕೆಲಸ ಸಾಕು.

2. ಕೋರ್‌ಗಳ ಸಂಖ್ಯೆಗೆ ಮರುಳಾಗಬೇಡಿ

ಹಳೆಯ ವರ್ಕ್‌ಸ್ಟೇಷನ್ ಮಾರುವವರು ಮೊದಲು ಹೇಳುವುದೇ ಇದು: ಹದಿನಾಲ್ಕು ಕೋರ್, ಇಪ್ಪತ್ತೆಂಟು ಥ್ರೆಡ್. 2016ರ ಝಿಯಾನ್ ಇ5-2680 ವಿ4 ಪ್ರೊಸೆಸರ್‌ಗೆ ಅದು ನಿಜವೇ. ಆದರೆ ಅದರ ಒಂದೊಂದು ಕೋರ್ ಹೆಚ್ಚೆಂದರೆ 3.3 ಗಿಗಾಹರ್ಟ್ಸ್ ಮುಟ್ಟುತ್ತದೆ. 2023ರ ಕೋರ್ ಐ5-1334ಯು, ಅಂದರೆ ಸಾಮಾನ್ಯ ಆಲ್-ಇನ್-ಒನ್‌ಗಳಲ್ಲಿ ಬರುವ ಲ್ಯಾಪ್‌ಟಾಪ್ ಜಾತಿಯ ಚಿಪ್, 4.6 ಗಿಗಾಹರ್ಟ್ಸ್ ತನಕ ಏರುತ್ತದೆ. ಮೇಲಾಗಿ ಒಂದೇ ಗಿಗಾಹರ್ಟ್ಸ್‌ನಲ್ಲಿ ಹಳೆಯದಕ್ಕಿಂತ ಹೆಚ್ಚು ಕೆಲಸ ಮುಗಿಸುತ್ತದೆ.

ಟ್ಯಾಲಿ, ಎಕ್ಸೆಲ್, ಬ್ರೌಸರ್, ಟೂಡಿ ಆಟೊಕ್ಯಾಡ್ ಬಹುಪಾಲು ಒಂದೆರಡು ಕೋರ್‌ಗಳನ್ನೇ ನೆಚ್ಚಿಕೊಂಡಿವೆ. ಅಲ್ಲಿ ಹೊಸ ಪುಟ್ಟ ಚಿಪ್ಪೇ ಮುಂದೆ. ರೆಂಡರಿಂಗ್, ದೊಡ್ಡ ವಿಡಿಯೊ ಎಕ್ಸ್‌ಪೋರ್ಟ್, ನೂರಾರು ಡ್ರೋನ್ ಚಿತ್ರಗಳನ್ನು ಹೊಲಿಯುವುದು ಇಂಥ ಕೆಲಸ ಎಲ್ಲ ಕೋರ್‌ಗಳನ್ನೂ ದುಡಿಸುತ್ತದೆ. ಗಂಟೆಗಟ್ಟಲೆ ನಡೆಯುವ ಈ ಕೆಲಸದಲ್ಲಿ ಆಲ್-ಇನ್-ಒನ್‌ನ ತೆಳು ಮೈ ಬಿಸಿಯೇರಿ ಚಿಪ್ ವೇಗ ಇಳಿಸುತ್ತದೆ. ದೊಡ್ಡ ಫ್ಯಾನು, ದೊಡ್ಡ ಹೀಟ್‌ಸಿಂಕ್ ಇರುವ ವರ್ಕ್‌ಸ್ಟೇಷನ್ ಬೆಳಗಿನ ವೇಗದಲ್ಲೇ ಸಂಜೆಯವರೆಗೂ ಓಡುತ್ತದೆ. ಅದನ್ನು ಕಟ್ಟಿದ್ದೇ ಅದಕ್ಕಾಗಿ.

3. ಇನ್ವರ್ಟರ್ ಬ್ಯಾಟರಿಯನ್ನು ಮುಂದಿಟ್ಟು ಲೆಕ್ಕ ಹಾಕಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಸೂತ್ರ ಇದು.

ಮನೆಯ ಇನ್ವರ್ಟರಿಗೆ ಸಾಮಾನ್ಯವಾಗಿ 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಗುಣಿಸಿದರೆ 1800 ವ್ಯಾಟ್-ಅವರ್. ಇನ್ವರ್ಟರ್ ತಾನೇ ತಿನ್ನುವುದು, ಬ್ಯಾಟರಿಗೆ ವಯಸ್ಸಾಗಿರುವುದು, ಪೂರ್ತಿ ಬರಿದು ಮಾಡಬಾರದೆಂಬ ಎಚ್ಚರಿಕೆ ಎಲ್ಲ ಕಳೆದರೆ ಕೈಗೆ 1000 ವ್ಯಾಟ್-ಅವರ್ ಸಿಗುತ್ತದೆಂದು ಇಟ್ಟುಕೊಳ್ಳಿ. ಆಲ್-ಇನ್-ಒನ್ ಪರದೆಯೂ ಸೇರಿ ಸುಮಾರು 50 ವ್ಯಾಟ್ ಎಳೆದರೆ ಇಪ್ಪತ್ತು ಗಂಟೆ. ವರ್ಕ್‌ಸ್ಟೇಷನ್ ಮತ್ತು ಮಾನಿಟರ್ ಸೇರಿ ಹಗುರ ಕೆಲಸದಲ್ಲಿ 150 ವ್ಯಾಟ್ ಎಳೆದರೆ ಆರೂವರೆ ಗಂಟೆ. ಅದೇ ವರ್ಕ್‌ಸ್ಟೇಷನ್ ವಿಡಿಯೊ ಎಕ್ಸ್‌ಪೋರ್ಟ್ ಮಾಡುತ್ತ 300 ವ್ಯಾಟ್ ಮುಟ್ಟಿದರೆ ಮೂರು ಗಂಟೆ ಚಿಲ್ಲರೆ. ಇದೆಲ್ಲ ಮನೆಯಲ್ಲಿ ಒಂದೂ ಲೈಟು, ಫ್ಯಾನು, ರೂಟರ್ ಹಾಕದಿದ್ದರೆ!

ಎರಡನೇ ದಿನದ ಲೆಕ್ಕ ಇನ್ನೂ ಬಿಗಿ. ಖಾಲಿಯಾದ ಇಂಥ ಬ್ಯಾಟರಿ ತುಂಬಲು ಸುಮಾರು ಹತ್ತು ಗಂಟೆ ಕರೆಂಟು ಬೇಕು. ಮಳೆಯ ನಡುವೆ ಸೆಸ್ಕ್ ಲೈನ್‌ಮ್ಯಾನ್‌ಗಳು ಕಷ್ಟಪಟ್ಟು ಲೈನ್ ಎಳೆದು ಎರಡು ಗಂಟೆ ಕರೆಂಟು ಬಂದು ಮತ್ತೆ ಹೋದರೆ ಬ್ಯಾಟರಿಗೆ ಬಂದದ್ದು ಐದನೇ ಒಂದು ಪಾಲು. ಆ ಪಾಲಿನಲ್ಲಿ ಆಲ್-ಇನ್-ಒನ್ ಅರ್ಧ ದಿನದ ಆಫೀಸ್ ಕೆಲಸ ಮುಗಿಸಿಕೊಡುತ್ತದೆ. ವರ್ಕ್‌ಸ್ಟೇಷನ್ ತೆರೆದರೆ ಒಂದು ಗಂಟೆ ಚಿಲ್ಲರೆಯಲ್ಲೇ ಇನ್ವರ್ಟರ್ ಕೂಗಲು ಶುರುಮಾಡುತ್ತದೆ.

ಬಿಲ್ಲಿನ ಲೆಕ್ಕವೂ ಸುಲಭ. ಎರಡರ ನಡುವೆ 100 ವ್ಯಾಟ್ ವ್ಯತ್ಯಾಸ, ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ಎಂದರೆ 240 ಯೂನಿಟ್. ನಿಮ್ಮ ದರಕ್ಕೆ ಗುಣಿಸಿ, ಐದು ವರ್ಷಕ್ಕೆ ಹೆಚ್ಚಿಸಿ, ಹಳೆಯ ಯಂತ್ರದ ಬೆಲೆಗೆ ಕೂಡಿಸಿ ನೋಡಿ. ಅಗ್ಗ ಎನಿಸಿದ್ದು ಎಷ್ಟು ಅಗ್ಗ ಎಂದು ಆಗ ತಿಳಿಯುತ್ತದೆ.

4. ಸ್ಟೆಬಿಲೈಸರ್ ಅಲ್ಲ, ಒಳ್ಳೆಯ ಯುಪಿಎಸ್

ಬೇಸಿಗೆಯಲ್ಲಿ ಪಂಪುಗಳು ಓಡುವ ಹೊತ್ತಿಗೆ ವೋಲ್ಟೇಜ್ ಇಳಿಯುತ್ತದೆಂದು ಹಲವರು ಕಂಪ್ಯೂಟರಿಗೆ ಸ್ಟೆಬಿಲೈಸರ್ ಕೊಳ್ಳುತ್ತಾರೆ. ಅದರ ಅಗತ್ಯ ಕಡಿಮೆ. ಆಲ್-ಇನ್-ಒನ್‌ನ ಅಡಾಪ್ಟರ್ ಮೇಲೂ, ಬ್ರ್ಯಾಂಡೆಡ್ ವರ್ಕ್‌ಸ್ಟೇಷನ್‌ನ ಪವರ್ ಸಪ್ಲೈ ಮೇಲೂ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ, ಓದಿ ನೋಡಿ. ಇಳಿದ ವೋಲ್ಟೇಜನ್ನು ಅವು ತಡೆಯುತ್ತವೆ. ತಡೆಯಲಾರದ್ದು ಪಟ್ಟನೆ ಹೋಗುವ ಕರೆಂಟನ್ನು.

ಆಲ್-ಇನ್-ಒನ್‌ನ ಒಳಗೆ ಬಹುಮಟ್ಟಿಗೆ ಲ್ಯಾಪ್‌ಟಾಪಿನ ಭಾಗಗಳೇ ಇವೆ, ಆದರೆ ಬ್ಯಾಟರಿ ಇಲ್ಲ. ಇದನ್ನು ಮರೆತು ನೇರ ಗೋಡೆಗೆ ಸಿಕ್ಕಿಸಿಕೊಂಡವರು ಬಟವಾಡೆ ದಿನ ಪೇಚಿಗೆ ಸಿಗುತ್ತಾರೆ. ಆಲ್-ಇನ್-ಒನ್‌ಗೆ 600 ವಿಎ ಸಣ್ಣ ಯುಪಿಎಸ್ ಧಾರಾಳ ಸಾಕು. ವರ್ಕ್‌ಸ್ಟೇಷನ್‌ಗೆ ಅದು ಸಾಲದು. 600 ವಿಎ ಎಂದರೆ ಸುಮಾರು 360 ವ್ಯಾಟ್ ಮಾತ್ರ, ಒಳಗಿನ 7 ಆಂಪಿಯರ್-ಅವರ್ ಬ್ಯಾಟರಿಯೂ ನಿಮಿಷಗಳ ಲೆಕ್ಕದ್ದು. ಅಲ್ಲದೆ ವರ್ಕ್‌ಸ್ಟೇಷನ್‌ಗಳ ಪವರ್ ಸಪ್ಲೈ ಅಗ್ಗದ ಯುಪಿಎಸ್ ಕೊಡುವ ಚೌಕ ಅಲೆಯ ಕರೆಂಟಿಗೆ ಕೆಲವೊಮ್ಮೆ ಒಗ್ಗದೆ ಬದಲಾವಣೆಯ ಕ್ಷಣದಲ್ಲೇ ಆಫ್ ಆಗುತ್ತದೆ. ಪ್ಯೂರ್ ಸೈನ್ ವೇವ್ ಎಂದು ಬರೆದಿರುವುದನ್ನೇ ಕೊಳ್ಳಿ.

ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ: ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ಇಕೊ ಅಥವಾ ನಾರ್ಮಲ್. ಯುಪಿಎಸ್ ಕಡೆ ಇಟ್ಟರೆ ಕಂಪ್ಯೂಟರ್ ಆಫ್ ಆಗದಷ್ಟು ಬೇಗ ಬ್ಯಾಟರಿಗೆ ಬದಲಾಗುತ್ತದೆ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ ಸಾಮಾನ್ಯವಾಗಿ 180ಕ್ಕಿಂತ ಕೆಳಗಿಳಿದರೂ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ. ವೋಲ್ಟೇಜ್ ಇಳಿಯುವ ಮನೆಯಲ್ಲಿ ಕರೆಂಟಿದ್ದೂ ಬ್ಯಾಟರಿ ಕರಗುವುದು ಹೀಗೆಯೇ. ಅಂಥ ಕಡೆ ಇನ್ವರ್ಟರನ್ನು ನಾರ್ಮಲ್‌ನಲ್ಲಿಟ್ಟು ಕಂಪ್ಯೂಟರಿಗೆ ಮಾತ್ರ ಬೇರೆ ಯುಪಿಎಸ್ ಇಡುವುದು ಮೇಲು.

5. ವಿಂಡೋಸ್ 11 ಗಡಿ ದಾಟುತ್ತದೆಯೇ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಭದ್ರತಾ ಅಪ್‌ಡೇಟ್ ಇನ್ನೊಂದು ವರ್ಷ, ಅಷ್ಟೆ. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ಜನರೇಷನ್ ಅಥವಾ ಅದರಿಂದೀಚಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಅಂಗ ಬೇಕು.

ಮಾರುಕಟ್ಟೆಯಲ್ಲಿ ಅತಿ ಅಗ್ಗಕ್ಕೆ ಸಿಗುವ ಎಚ್‌ಪಿ ಝಡ್440, ಡೆಲ್ ಪ್ರಿಸಿಷನ್ 5810 ಇವುಗಳ ಝಿಯಾನ್ ಇ5 ಪ್ರೊಸೆಸರ್ ಆ ಪಟ್ಟಿಯಲ್ಲಿಲ್ಲ. ಅಗ್ಗವಾದ ಕಾರಣಗಳಲ್ಲಿ ಇದೂ ಒಂದು. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವ ಅಂಗಡಿಗಳಿವೆ. ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ಮಾಡುವ ಯಂತ್ರಕ್ಕೆ ಅದನ್ನು ಒಪ್ಪಬೇಡಿ. ಮುಂದಿನ ದೊಡ್ಡ ಅಪ್‌ಡೇಟ್ ಕೂರುತ್ತದೆಂಬ ಖಾತ್ರಿ ಯಾರೂ ಕೊಡಲಾರರು. ಝಡ್440, 5810 ಇವುಗಳ ನಂತರದ ಪೀಳಿಗೆಯ ಎಚ್‌ಪಿ ಝಡ್4 ಜಿ4, ಡೆಲ್ ಪ್ರಿಸಿಷನ್ 5820, ಲೆನೊವೊ ಥಿಂಕ್‌ಸ್ಟೇಷನ್ ಪಿ520 ಯಂತ್ರಗಳಲ್ಲಿ ಝಿಯಾನ್ ಡಬ್ಲ್ಯು ಸರಣಿ ಇದೆ. ಮೈಕ್ರೋಸಾಫ್ಟ್ ಅದನ್ನು 2021ರ ಆಗಸ್ಟ್‌ನಲ್ಲಿ ಪಟ್ಟಿಗೆ ಸೇರಿಸಿತು. ಹಣ ಸ್ವಲ್ಪ ಹೆಚ್ಚಾದರೂ ವರ್ಕ್‌ಸ್ಟೇಷನ್ ಎಂದರೆ ಇವುಗಳಿಂದಲೇ ಶುರುಮಾಡಿ.

ಲಿನಕ್ಸ್ ಬಳಸುವವರಿಗೆ ಈ ಗಡಿ ಇಲ್ಲ. ಅವರಿಗೆ ಝಡ್440 ಇವತ್ತಿಗೂ ಗಟ್ಟಿ ಯಂತ್ರ.

6. ಸ್ಟುಡಿಯೊದವರು ಕ್ಯಾಮೆರಾದ ಫೈಲನ್ನೇ ಕೊಂಡೊಯ್ಯಿರಿ

ಮದುವೆ ಸ್ಟುಡಿಯೊ ಎಂದರೆ ವರ್ಕ್‌ಸ್ಟೇಷನ್ನೇ ಸರಿ ಎಂದು ಕಣ್ಣುಮುಚ್ಚಿ ಹೇಳುವವರಿದ್ದಾರೆ. ಹಾಗಿಲ್ಲ. ಇಂದಿನ ಹಲವು ಮಿರರ್‌ಲೆಸ್ ಕ್ಯಾಮೆರಾಗಳು ಎಚ್.265, 10 ಬಿಟ್, 4:2:2 ಎಂಬ ಬಗೆಯಲ್ಲಿ ವಿಡಿಯೊ ಬರೆಯುತ್ತವೆ. ಈ ಬಿಗಿ ಗಂಟನ್ನು ಬಿಡಿಸಲು ಪ್ರೊಸೆಸರ್‌ನಲ್ಲಿ ಪ್ರತ್ಯೇಕ ಯಂತ್ರಾಂಗ ಬೇಕು. 11ನೇ ಜನರೇಷನ್‌ನಿಂದೀಚಿನ ಇಂಟೆಲ್ ಚಿಪ್‌ಗಳ ಒಳಗ್ರಾಫಿಕ್ಸ್‌ನಲ್ಲಿ ಅದು ಇದೆ. ಆಪಲ್‌ನ ಎಂ ಸರಣಿಯಲ್ಲೂ ಇದೆ. ಹಳೆಯ ಝಿಯಾನ್ ಇ5, ಝಿಯಾನ್ ಡಬ್ಲ್ಯುಗಳಲ್ಲಿ ಒಳಗ್ರಾಫಿಕ್ಸೇ ಇಲ್ಲ. ಎನ್‌ವಿಡಿಯಾ ಕಾರ್ಡ್‌ಗಳಿಗೆ ಈ 4:2:2 ಬಗೆ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಆದ್ದರಿಂದ ಹದಿನಾಲ್ಕು ಕೋರಿನ ವರ್ಕ್‌ಸ್ಟೇಷನ್‌ನಲ್ಲಿ ಟೈಮ್‌ಲೈನ್ ತಡವರಿಸುತ್ತ, ಪುಟ್ಟ ಆಲ್-ಇನ್-ಒನ್‌ನಲ್ಲಿ ಅದೇ ಫೈಲ್ ಸರಾಗ ಓಡುವುದು ನಿಜಕ್ಕೂ ಸಾಧ್ಯ.

ಹಾಗೆಂದು ಆಲ್-ಇನ್-ಒನ್ ಗೆದ್ದಿತೆಂದೂ ಅಲ್ಲ. ಬಣ್ಣ ತಿದ್ದಿ, ಎಫೆಕ್ಟ್ ಹಾಕಿ, ಎರಡು ಗಂಟೆಯ ಮದುವೆ ಚಿತ್ರವನ್ನು ಹೊರತೆಗೆಯುವಾಗ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಪೆಟ್ಟಿಗೆಯೇ ಬೇಕು. ಹಗುರ ಪ್ರತಿಗಳಾದ ಪ್ರಾಕ್ಸಿ ಫೈಲ್ ಮಾಡಿಕೊಂಡು ಎಡಿಟ್ ಮಾಡುವ ಶಿಸ್ತಿದ್ದರೆ ಹಳೆಯ ಯಂತ್ರವೂ ನಡೆಯುತ್ತದೆ, ಶುರುವಿನ ತಾಸು ಅದಕ್ಕೆ ಕೊಡಬೇಕು. ತೀರ್ಮಾನಕ್ಕೆ ಒಂದೇ ದಾರಿ: ನಿಮ್ಮ ಕ್ಯಾಮೆರಾದ ನಿಜವಾದ ಹತ್ತು ನಿಮಿಷದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಅಂಗಡಿಯಲ್ಲೇ ತೆರೆದು, ಹಿಂದಕ್ಕೆ ಮುಂದಕ್ಕೆ ಎಳೆದು ನೋಡುವುದು.

ಕಾರ್ಡಿನ ವಯಸ್ಸೂ ನೋಡಿ. ಹಳೆಯ ಕ್ವಾಡ್ರೊ ಎಂ ಮತ್ತು ಪಿ ಸರಣಿಗಳಿಗೆ ಎನ್‌ವಿಡಿಯಾ ಹೊಸ ಡ್ರೈವರ್ ನಿಲ್ಲಿಸಿ ಭದ್ರತಾ ತಿದ್ದುಪಡಿಗಷ್ಟೇ ಇಳಿದಿದೆ. ಟಿ600, ಟಿ1000 ಅಥವಾ ಆರ್‌ಟಿಎಕ್ಸ್ ಹೆಸರಿನ ಕಾರ್ಡ್ ಇದ್ದರೆ ಒಳ್ಳೆಯದು.

7. ಪರದೆಯನ್ನು ಕುಪ್ಯದ ಕಪ್ಪಿನಿಂದ ಪರೀಕ್ಷಿಸಿ

ಆಲ್-ಇನ್-ಒನ್ ಕೊಳ್ಳುವಾಗ ನೀವು ಮುಖ್ಯವಾಗಿ ಕೊಳ್ಳುತ್ತಿರುವುದು ಪರದೆಯನ್ನು. ಬದಲಿಸಲಾಗದ ಭಾಗ ಅದೇ. ಹೆಚ್ಚಿನವು 23.8 ಇಂಚಿನ ಫುಲ್ ಎಚ್‌ಡಿ. ಆದರೆ ಒಂದೇ ಅಳತೆಯಲ್ಲಿ ಬಣ್ಣ ಮಂಕಾದ ಪ್ಯಾನೆಲ್ಲೂ ಇದೆ, ಎಸ್‌ಆರ್‌ಜಿಬಿ 99 ಶೇಕಡಾ ತೋರಿಸುವುದೂ ಇದೆ. ಪೆಟ್ಟಿಗೆಯ ಮೇಲೆ 45 ಶೇಕಡಾ ಎನ್‌ಟಿಎಸ್‌ಸಿ ಎಂದಿದ್ದರೆ ಫೋಟೊ ಕೆಲಸಕ್ಕೆ ಅದು ಬೇಡ.

ಕೊಡವ ಮದುವೆಯ ಒಂದು ಒಳ್ಳೆಯ ಫೋಟೊ ತೆರೆಯಿರಿ. ಗಂಡಸರ ಕಪ್ಪು ನಿಲುವಂಗಿ ಕುಪ್ಯದ ಮಡಿಕೆಗಳು ಬೇರೆ ಬೇರೆಯಾಗಿ ಕಾಣುತ್ತವೆಯೇ, ಇಡೀ ಮೈ ಒಂದೇ ಮಸಿಯ ತುಂಡಾಗುತ್ತದೆಯೇ? ಸೊಂಟದ ಚೇಲೆಯ ಕೆಂಪಿನಲ್ಲಿ ರೇಷ್ಮೆಯ ಹೊಳಪು ಉಳಿದಿದೆಯೇ, ಕಿತ್ತಳೆಯತ್ತ ವಾಲಿದೆಯೇ? ಪಕ್ಕಕ್ಕೆ ಸರಿದು ಮತ್ತೆ ನೋಡಿ. ಇಲ್ಲಿ ಸೋತ ಪರದೆಯಲ್ಲಿ ತಿದ್ದಿದ ಆಲ್ಬಮ್ ಪ್ರಿಂಟಾಗಿ ಬಂದಾಗ ಮನೆಯವರ ಮುಖ ಬೇರೆಯೇ ಆಗುತ್ತದೆ.

ವರ್ಕ್‌ಸ್ಟೇಷನ್ ದಾರಿ ಹಿಡಿದವರು ಮಾನಿಟರ್ ಹಣವನ್ನು ಮೊದಲೇ ಎತ್ತಿಡಿ. ಒಳ್ಳೆಯ ಮಾನಿಟರ್ ಎರಡು ಕಂಪ್ಯೂಟರುಗಳ ಆಯಸ್ಸು ಬಾಳುತ್ತದೆ. ಆಲ್-ಇನ್-ಒನ್ ಕೆಟ್ಟರೆ ಅದರ ಪರದೆಯನ್ನು ಬೇರೆ ಕಂಪ್ಯೂಟರಿಗೆ ಜೋಡಿಸಬಹುದೆಂಬ ನಂಬಿಕೆ ಬೇಡ. ಎಚ್‌ಡಿಎಂಐ ಇನ್ ಕಿಂಡಿ ಇದ್ದರೆ ಮಾತ್ರ ಅದು ಸಾಧ್ಯ, ಬಹಳಷ್ಟರಲ್ಲಿ ಇರುವುದು ಔಟ್ ಮಾತ್ರ.

8. ಐಮ್ಯಾಕ್ ಬಗ್ಗೆ ಎರಡು ಮಾತು

2024ರ ಎಂ4 ಐಮ್ಯಾಕ್ ಭಾರತಕ್ಕೆ 1,34,900 ರೂಪಾಯಿಯಿಂದ ಬಂತು. 24 ಇಂಚಿನ 4.5ಕೆ ಪರದೆ ಈ ಪಟ್ಟಿಯಲ್ಲೇ ಉತ್ತಮ, ಕರೆಂಟು ತಿನ್ನುವುದು ಕಡಿಮೆ, ವಿಡಿಯೊ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆದರೆ ರ‍್ಯಾಮ್ ಆಮೇಲೆ ಹೆಚ್ಚಿಸಲಾಗದು. ಟ್ಯಾಲಿ, ನುಡಿ ತಂತ್ರಾಂಶಗಳು ನೇರವಾಗಿ ಓಡವು. ಸ್ಟುಡಿಯೊ ಒಂದಕ್ಕೇ ಮೀಸಲಾದರೆ ಕೊಳ್ಳಿ, ತೋಟದ ಲೆಕ್ಕವೂ ಅದರಲ್ಲೇ ಎಂದರೆ ಬೇಡ.

9. ಕೆಟ್ಟಾಗ ಏನಾಗುತ್ತದೆಂದು ಮೊದಲೇ ವಿಚಾರಿಸಿ ನೋಡಿ

ಆಲ್-ಇನ್-ಒನ್ ಮಾರುವವರನ್ನು ಕೇಳಬೇಕಾದ್ದು ವಾರಂಟಿ ಎಷ್ಟು ವರ್ಷ ಎಂದಷ್ಟೇ ಅಲ್ಲ. ನಿಮ್ಮ ಪಿನ್‌ಕೋಡಿಗೆ ಆನ್‌ಸೈಟ್ ಸೇವೆ ಇದೆಯೇ, ಎಂಜಿನಿಯರ್ ಎಲ್ಲಿಂದ ಬರುತ್ತಾರೆ, ಪರದೆ ಒಡೆಯದೆ ತಾನಾಗಿ ಗೆರೆ ಬಂದರೆ ಅದು ವಾರಂಟಿಯಲ್ಲಿ ಸೇರುತ್ತದೆಯೇ. ಸರ್ವಿಸ್ ಸೆಂಟರಿಗೆ ನೀವೇ ತಂದುಕೊಡಿ ಎನ್ನುವ ವಾರಂಟಿಯಾದರೆ ಪರದೆ ಹೊತ್ತು ಬಸ್ಸು ಹತ್ತುವವರು ನೀವು. ಕಂಪನಿಯ ಟೋಲ್‌ಫ್ರೀಗೆ ಕರೆಮಾಡಿ ಪಿನ್‌ಕೋಡ್ ಹೇಳಿ ಉತ್ತರ ಪಡೆದುಕೊಂಡೇ ಹಣ ಕೊಡಿ. ಮೂರು ವರ್ಷಕ್ಕೆ ವಾರಂಟಿ ವಿಸ್ತರಿಸುವ ದುಡ್ಡು ಆಲ್-ಇನ್-ಒನ್ ವಿಷಯದಲ್ಲಿ ದಂಡವಲ್ಲ.

ವರ್ಕ್‌ಸ್ಟೇಷನ್‌ಗೆ ವಾರಂಟಿ ಇಲ್ಲ, ಆದರೆ ಬಾಗಿಲು ತೆರೆಯುತ್ತದೆ. ಡಿಸ್ಕ್, ರ‍್ಯಾಮ್, ಕಾರ್ಡ್, ಫ್ಯಾನ್ ಎಲ್ಲವನ್ನೂ ಗೋಣಿಕೊಪ್ಪಲಿನಲ್ಲೋ ವಿರಾಜಪೇಟೆಯಲ್ಲೋ ಕೆಲಸ ಬಲ್ಲ ಹುಡುಗ ಬಿಚ್ಚಿ ಬದಲಿಸಬಲ್ಲ. ಒಂದೇ ತೊಡಕು: ಎಚ್‌ಪಿ, ಡೆಲ್ ವರ್ಕ್‌ಸ್ಟೇಷನ್‌ಗಳ ಪವರ್ ಸಪ್ಲೈ ಮತ್ತು ಮದರ್‌ಬೋರ್ಡ್ ಅವರದೇ ಅಳತೆಯವು. ಊರಿನ ಅಂಗಡಿಯ ಸಾಮಾನ್ಯ ಎಸ್‌ಎಂಪಿಎಸ್ ಅದಕ್ಕೆ ಕೂರುವುದಿಲ್ಲ. ಯಂತ್ರ ಕೊಳ್ಳುವ ದಿನವೇ ಅದೇ ಮಾದರಿಯ ಹಳೆಯ ಪವರ್ ಸಪ್ಲೈ ಒಂದನ್ನು ಕೂಡ ತಂದಿಟ್ಟುಕೊಳ್ಳಿ. ಆಲ್-ಇನ್-ಒನ್‌ನವರು ಒಂದು ಹೆಚ್ಚುವರಿ ಅಡಾಪ್ಟರ್ ಇಟ್ಟುಕೊಂಡರೆ ಸಾಕು.

10. ಎಸ್.ಪಿ. ರಸ್ತೆಯಲ್ಲಿ ಬ್ಯಾಟರಿ ಟಾರ್ಚ್ ಹಿಡಿದು ನಿಲ್ಲಿ

ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯಲ್ಲಾಗಲಿ ಮೈಸೂರಿನಲ್ಲಾಗಲಿ ಬಳಸಿದ ಯಂತ್ರ ನೋಡುವಾಗ ಆತುರ ಬೇಡ. ಮುಚ್ಚಳ ತೆಗೆಸಿ. ಮದರ್‌ಬೋರ್ಡಿನ ಕೆಪಾಸಿಟರ್ ಉಬ್ಬಿದೆಯೇ, ಮೂಲೆಯಲ್ಲಿ ತುಕ್ಕು ಇದೆಯೇ, ಫ್ಯಾನು ಗರಗರ ಎನ್ನುತ್ತದೆಯೇ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕ್ ಎಷ್ಟು ಗಂಟೆ ಓಡಿದೆ, ಎಷ್ಟು ಆರೋಗ್ಯ ಉಳಿದಿದೆ ಎಂದು ಹೇಳುತ್ತದೆ. ಹಳೆಯ ಡಿಸ್ಕ್ ಎಷ್ಟೇ ಚೆನ್ನಾಗಿದ್ದರೂ ವಿಂಡೋಸ್‌ಗೆ ಹೊಸ ಎಸ್‌ಎಸ್‌ಡಿ ಹಾಕಿಸಿ.

ಕಣ್ಣಿಗೆ ಕಾಣದ ಎರಡು ಬೀಗಗಳಿವೆ. ಒಂದು, ಬಯಾಸ್ ಪಾಸ್‌ವರ್ಡ್. ಯಂತ್ರ ಆನ್ ಮಾಡಿ ಬಯಾಸ್ ಒಳಗೆ ಹೋಗಿ ಒಂದು ಸೆಟ್ಟಿಂಗ್ ಬದಲಿಸಿ ಉಳಿಸಲು ಆಗುತ್ತದೆಯೇ ನೋಡಿ. ಇನ್ನೊಂದು, ಹಳೆಯ ಕಂಪನಿಯ ನೋಂದಣಿ. ವಿಂಡೋಸ್ ಹೊಸದಾಗಿ ಹಾಕುವಾಗ ಇಂಟರ್ನೆಟ್ ಕೊಟ್ಟರೆ ಯಾವುದೋ ಕಂಪನಿಯ ಹೆಸರು ಬಂದು ಅವರ ಇಮೇಲ್ ಕೇಳಿದರೆ ಆ ಯಂತ್ರ ಅವರ ಲೆಕ್ಕದಿಂದ ಇನ್ನೂ ಬಿಡುಗಡೆಯಾಗಿಲ್ಲ. ಎದ್ದು ಬನ್ನಿ. ಮೊದಲೇ ಹಾಕಿಟ್ಟ ವಿಂಡೋಸ್ ತೋರಿಸಿದರೆ ಇದು ಗೊತ್ತಾಗುವುದಿಲ್ಲ, ಎದುರಿಗೇ ಹೊಸದಾಗಿ ಹಾಕಲು ಹೇಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಆ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿದರೆ ಯಂತ್ರದ ಹುಟ್ಟಿದ ವರ್ಷ, ಮೂಲ ಭಾಗಗಳು ತಿಳಿಯುತ್ತವೆ.

ರ‍್ಯಾಮ್ ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜೋರಾಗಿ ಏರಿತು. ಆಮೇಲೆ ಹಾಕಿಸೋಣ ಎಂಬ ಹಳೆಯ ಉಪಾಯ ಈಗ ಅಗ್ಗದ್ದಲ್ಲ. ಒಳಗೇ 32 ಅಥವಾ 64 ಜಿಬಿ ಇರುವ ವರ್ಕ್‌ಸ್ಟೇಷನ್ ಸಿಕ್ಕರೆ ಅದರ ಬೆಲೆಯ ದೊಡ್ಡ ಪಾಲು ಅಲ್ಲೇ ವಸೂಲು. ಆಲ್-ಇನ್-ಒನ್ ಆದರೆ 8 ಜಿಬಿಗೆ ಒಪ್ಪಬೇಡಿ, 16 ಜಿಬಿಯನ್ನೇ ಕೊಳ್ಳಿ.

11. ಹಿಂದಿನ ಕಿಂಡಿಗಳನ್ನು ಎಣಿಸಿ

ಕಾಫಿ, ಕರಿಮೆಣಸು ಕೊಳ್ಳುವ ವ್ಯಾಪಾರಿಗಳ ಕಡೆ ತೂಕದ ಯಂತ್ರ ಸೀರಿಯಲ್ ಕೇಬಲ್‌ನಿಂದ ಕಂಪ್ಯೂಟರಿಗೆ ಮಾತಾಡುತ್ತಿರಬಹುದು, ಬಿಲ್ಲಿಗೆ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇರಬಹುದು. ಮದುವೆ ಕಾಗದ ಮಾಡುವ ಡಿಟಿಪಿ ಅಂಗಡಿಯಲ್ಲಿ ಅಕ್ಷರ ತಂತ್ರಾಂಶದ ಡಾಂಗಲ್ ಒಂದು ಯುಎಸ್‌ಬಿ ಕಿಂಡಿ ಹಿಡಿದುಕೊಂಡಿರುತ್ತದೆ. ವರ್ಕ್‌ಸ್ಟೇಷನ್ ಬೆನ್ನಿಗೆ ಕಿಂಡಿಗಳು ಧಾರಾಳ, ಇಲ್ಲದ್ದಕ್ಕೆ ಕಾರ್ಡ್ ಸಿಕ್ಕಿಸಬಹುದು. ಆಲ್-ಇನ್-ಒನ್‌ನಲ್ಲಿ ನಾಲ್ಕಾರು ಯುಎಸ್‌ಬಿ ಅಷ್ಟೆ; ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಎಲ್ಲ ತೂಕದ ಯಂತ್ರಕ್ಕೂ ಹೊಂದುತ್ತದೆ ಎನ್ನಲಾಗದು. ಕೊಳ್ಳುವ ಮುನ್ನ ಒಮ್ಮೆ ಜೋಡಿಸಿ ತೂಕ ಬರುತ್ತದೆಯೇ ನೋಡಿಬಿಡಿ.

12. ತೇವ, ಇರುವೆ, ಸಿಡಿಲು

ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿಗೇ ಬೂಸ್ಟು ಹಿಡಿಯುವ ಊರು ಇದು. ಎರಡೂ ಯಂತ್ರಕ್ಕೆ ಮದ್ದು ಒಂದೇ: ಪ್ರತಿದಿನ ಸ್ವಲ್ಪ ಹೊತ್ತಾದರೂ ಓಡಿಸಿ. ಒಳಗಿನ ಬಿಸಿ ತೇವವನ್ನು ಓಡಿಸುತ್ತದೆ. ವಾರಗಟ್ಟಲೆ ಮುಚ್ಚಿಟ್ಟ ಯಂತ್ರವೇ ಮೊದಲು ಕೆಡುವುದು. ಪ್ಲಾಸ್ಟಿಕ್ ಹೊದಿಕೆ ಬಿಗಿಯಾಗಿ ಹಾಕಿದರೆ ತೇವ ಒಳಗೇ ಉಳಿಯುತ್ತದೆ, ಹತ್ತಿ ಬಟ್ಟೆ ಹಾಕಿ. ವರ್ಕ್‌ಸ್ಟೇಷನ್ ಪೆಟ್ಟಿಗೆಯನ್ನು ಸಿಮೆಂಟ್ ನೆಲದ ಮೇಲೆ ಇಡಬೇಡಿ, ಇಟ್ಟಿಗೆಯೆತ್ತರವಾದರೂ ಮೇಲಿರಲಿ. ಅದರ ಹಿಂದಿನ ಖಾಲಿ ಸ್ಲಾಟಿನ ಪಟ್ಟಿ ಕಳೆದಿದ್ದರೆ ಮುಚ್ಚಿಸಿ. ಇರುವೆ, ಹಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುತ್ತವೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಯಾವ ಯುಪಿಎಸ್ಸೂ ಪೂರ್ತಿ ರಕ್ಷೆಯಲ್ಲ. ಮೋಡ ಕಟ್ಟಿದಾಗ ಪ್ಲಗ್ ಕಿತ್ತಿಡಿ, ಜತೆಗೆ ರೂಟರಿನಿಂದ ಬರುವ ಲ್ಯಾನ್ ತಂತಿಯನ್ನೂ. ಸಿಡಿಲಿನ ಹೊಡೆತ ಆ ತಂತಿಯಲ್ಲೂ ಬರುತ್ತದೆ. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಬೇಸಿಗೆಯಲ್ಲಿ, ನೆಲ ಒಣಗಿರುವಾಗ ಪರೀಕ್ಷಿಸಿಕೊಳ್ಳಿ. 2018ರ ಆಗಸ್ಟ್ ತಿಂಗಳ ನೆರೆ, ಭೂಕುಸಿತ ಕಂಡವರಿಗೆ ಬ್ಯಾಕಪ್ ಬಗ್ಗೆ ಹೇಳಬೇಕಿಲ್ಲ: ಲೆಕ್ಕಪತ್ರ, ಫೋಟೊಗಳ ಒಂದು ಪ್ರತಿ ಹೊರಗಿನ ಡಿಸ್ಕ್‌ನಲ್ಲಿ ಮೈಸೂರಿನ ನೆಂಟರ ಮನೆಯಲ್ಲಿರಲಿ.

13. ಮೂರನೇ ದಾರಿ, ಮತ್ತು ತಿಂಗಳು

ಅಮ್ಮತ್ತಿಯ ಹೆಚ್ಚಿನ ಮನೆ, ಆಫೀಸು, ಅಂಗಡಿಗಳಿಗೆ ನಾನು ಹೇಳುವುದು ಇವೆರಡೂ ಅಲ್ಲ. ಕಂಪನಿಗಳಿಂದಲೇ ಬರುವ ಸಣ್ಣ ಡೆಸ್ಕ್‌ಟಾಪ್‌ಗಳಿವೆ: ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ. ಒಂದು ದಪ್ಪ ಪುಸ್ತಕದಷ್ಟು ಗಾತ್ರ. 8ನೇ ಜನರೇಷನ್ ಅಥವಾ ಅದರ ಮೇಲಿನದು, 16 ಜಿಬಿ, ಹೊಸ ಎಸ್‌ಎಸ್‌ಡಿ ಹಾಕಿಸಿ, ಅದಕ್ಕೊಂದು ಹೊಸ ಒಳ್ಳೆಯ ಮಾನಿಟರ್ ಕೊಳ್ಳಿ. ಕರೆಂಟು ಆಲ್-ಇನ್-ಒನ್‌ನಷ್ಟೇ, ವಿಂಡೋಸ್ 11 ನೇರವಾಗಿ ಓಡುತ್ತದೆ, ಪೆಟ್ಟಿಗೆ ಕೆಟ್ಟರೆ ಪರದೆ ಉಳಿಯುತ್ತದೆ, ಪರದೆ ಕೆಟ್ಟರೆ ಪೆಟ್ಟಿಗೆ ಉಳಿಯುತ್ತದೆ. ಸೈನ್ ವೇವ್ ಯುಪಿಎಸ್ಸಿಗೂ ದುಡ್ಡು ಮಿಕ್ಕೀತು. ಮೂರು ವರ್ಷದ ಆನ್‌ಸೈಟ್ ಭರವಸೆ ಬೇಕು, ಯಂತ್ರದ ತಲೆನೋವೇ ಬೇಡ ಎನ್ನುವ ಹಿರಿಯರ ಮನೆಗೆ ಆಲ್-ಇನ್-ಒನ್. ರೆಂಡರಿಂಗ್, ಡ್ರೋನ್ ಮ್ಯಾಪ್, ಭಾರಿ ಎಕ್ಸ್‌ಪೋರ್ಟ್ ಮಾಡಿ ಅದರಿಂದಲೇ ಸಂಪಾದಿಸುವವರಿಗೆ, ಜನರೇಟರ್ ಇದ್ದವರಿಗೆ, ಝಿಯಾನ್ ಡಬ್ಲ್ಯು ಇರುವ ವರ್ಕ್‌ಸ್ಟೇಷನ್.

ಕೊಳ್ಳುವ ತಿಂಗಳೂ ಮುಖ್ಯ. ರೋಬಸ್ಟಾ ಕೊಯ್ಲು ಮುಗಿದು ಕಾಫಿ ಹಣ ಕೈಸೇರುವ ಮಾರ್ಚ್-ಏಪ್ರಿಲ್ ಸರಿಯಾದ ಕಾಲ. ತಪ್ಪಿದ್ದರೆ ಬದಲಿಸಲು ಮಳೆಗೆ ಮುಂಚೆ ಎರಡು ತಿಂಗಳು ಸಿಗುತ್ತದೆ. ವರ್ಕ್‌ಸ್ಟೇಷನ್ ತರುವಾಗ ಭಾರದ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಸಿ ಬೇರೆ ಪೆಟ್ಟಿಗೆಯಲ್ಲಿ ಕಟ್ಟಿಸಿ, ಬಸ್ಸಿನ ಡಿಕ್ಕಿಗೆ ಹಾಕದೆ ಕಾಲ ಬುಡದಲ್ಲಿಟ್ಟು ತನ್ನಿ. ಊರಿಗೆ ಬಂದ ಮೇಲೆ ರ‍್ಯಾಮ್, ಕಾರ್ಡ್ ಒಮ್ಮೆ ಒತ್ತಿ ಕೂರಿಸಿಯೇ ಸ್ವಿಚ್ ಹಾಕಿ. ಬಳಸಿದ ಯಂತ್ರವಾದರೆ ಹದಿನೈದು ದಿನವಾದರೂ ಬದಲಿಸಿಕೊಡುವ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಆ ಹದಿನೈದು ದಿನದೊಳಗೆ ಒಂದು ಸಂಜೆ, ನಿಮ್ಮ ದಿನದ ಕೆಲಸವೆಲ್ಲ ತೆರೆದಿರುವಾಗಲೇ ಮನೆಯ ಮೇನ್ ಸ್ವಿಚ್ ಇಳಿಸಿ, ಇನ್ವರ್ಟರಿನಲ್ಲಿ ಎಷ್ಟು ಗಂಟೆ ನಡೆಯಿತೆಂದು ಬರೆದಿಟ್ಟುಕೊಳ್ಳಿ.